ಬೆನ್ನುಚೀಲಕ್ಕೆ ನೇತುಹಾಕಿದ ಥರ್ಮಾಮೀಟರ್ ಏನನ್ನು ಅಳೆಯುತ್ತದೆ?

ಬೆಟ್ಟ ಹತ್ತುವವರ ಬೆನ್ನುಚೀಲದ ಝಿಪ್ಪಿಗೆ ಕೀಚೈನಿನ ಹಾಗೆ ಜೋತುಬಿದ್ದಿರುವ ಪುಟ್ಟ ಥರ್ಮಾಮೀಟರನ್ನು ನೋಡಿರುತ್ತೀರಿ. ಹೆಬ್ಬೆರಳಿನಷ್ಟು ಉದ್ದ, ಕೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗುವುದಿಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ಕುಮಾರಪರ್ವತದಲ್ಲಿ ಭಟ್ಟರ ಮನೆ ದಾಟಿ ಮರಗಳಿಲ್ಲದ ಹುಲ್ಲುಗುಡ್ಡ ಏರುವಾಗ ಅದು 41 ಡಿಗ್ರಿ ತೋರಿಸಬಹುದು. ಅದೇ ಹೊತ್ತಿಗೆ ಪಕ್ಕದ ಶೋಲಾ ಕಾಡಿನ ನೆರಳಿನಲ್ಲಿ ಗಾಳಿ 30ರ ಆಸುಪಾಸಿನಲ್ಲೇ ಇರಬಹುದು. ಉಪಕರಣ ಕೆಟ್ಟಿಲ್ಲ, ಸುಳ್ಳನ್ನೂ ಹೇಳುತ್ತಿಲ್ಲ. ಥರ್ಮಾಮೀಟರ್ ಯಾವತ್ತೂ ತನ್ನ ಮೈಯ ಉಷ್ಣಾಂಶವನ್ನಷ್ಟೇ ಹೇಳುತ್ತದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಬೆವರಿದ ಬೆನ್ನಿನ ಕಾವು, ಕಪ್ಪು ಚೀಲದ ಬಿಸಿ ಎಲ್ಲವೂ ಸೇರಿ ಅದರ ಮೈ 41ಕ್ಕೆ ಏರಿದೆ, ಅಷ್ಟೇ. ಅದರ ಮೈಯೂ ಸುತ್ತಲಿನ ಗಾಳಿಯೂ ಒಂದೇ ಉಷ್ಣಾಂಶಕ್ಕೆ ಬರುವಂತೆ ಮಾಡುವುದು ನಮ್ಮ ಕೆಲಸ. ಚಾರಣದಲ್ಲಿ ಥರ್ಮಾಮೀಟರ್ ಬಳಸುವ ಕಲೆಯ ಮುಕ್ಕಾಲು ಪಾಲು ಇದೇ, ಮತ್ತು ಅಂಗಡಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲು ಉಪಕರಣಗಳ ವಿಚಾರ. ಝಿಪ್ಪಿಗೆ ಹಾಕುವವುಗಳಲ್ಲಿ ಎರಡು ಮೂರು ಬಗೆ ಇವೆ. ಗಾಜಿನ ಕೊಳವೆಯಲ್ಲಿ ಕೆಂಪು ದ್ರವ ಏರಿಳಿಯುವುದು ಒಂದು. ಒಳಗಿರುವುದು ಬಣ್ಣ ಬೆರೆಸಿದ ಆಲ್ಕೊಹಾಲ್ ಅಥವಾ ಅಂಥದೇ ದ್ರವ. ಪಾದರಸ ಮೈನಸ್ 38.8 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಎಥನಾಲ್ ಮೈನಸ್ 114ರವರೆಗೂ ದ್ರವವಾಗಿಯೇ ಉಳಿಯುತ್ತದೆ. ಹಾಗಾಗಿ ಚಳಿಗೆ ಇದು ಹೆದರುವುದಿಲ್ಲ. ಒಡೆದರೂ ಪಾದರಸದಂತೆ ವಿಷವಲ್ಲ, ಬ್ಯಾಟರಿಯೂ ಬೇಡ. ಎರಡನೆಯದು ಗಡಿಯಾರದಂಥ ಮುಳ್ಳಿನದು. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದು ಸುರುಳಿ ಸುತ್ತಿರುತ್ತಾರೆ. ಬಿಸಿಯಾದಾಗ ಸುರುಳಿ ಬಿಚ್ಚಿಕೊಂಡು ಮುಳ್ಳು ತಿರುಗುತ್ತದೆ. ಗಟ್ಟಿಮುಟ್ಟು, ಆದರೆ ಒಮ್ಮೆ ಬಂಡೆಗೆ ಬಡಿದರೆ ಮುಳ್ಳು ಎರಡು ಮೂರು ಡಿಗ್ರಿ ಆಚೀಚೆ ಸರಿದು ಅಲ್ಲೇ ನಿಂತುಬಿಡುತ್ತದೆ. ಮೂರನೆಯದು ಬಣ್ಣ ಬದಲಿಸುವ ಪಟ್ಟಿ, ಮೀನಿನ ತೊಟ್ಟಿಯ ಗಾಜಿಗೆ ಅಂಟಿಸುತ್ತಾರಲ್ಲ, ಅದೇ. ಅದರಲ್ಲಿ ಎರಡು ಡಿಗ್ರಿಗಿಂತ ಸೂಕ್ಷ್ಮವಾಗಿ ಓದುವುದು ಕಷ್ಟ, ಹಾಗಾಗಿ ಅದನ್ನು ಬಿಟ್ಟುಬಿಡಿ.

ಡಿಜಿಟಲ್ ಬಗೆಯ ಒಳಗಿರುವುದು ಸಾಮಾನ್ಯವಾಗಿ ಥರ್ಮಿಸ್ಟರ್ ಎಂಬ ಕಾಳಿನಷ್ಟು ಚಿಕ್ಕ ಬಿಡಿಭಾಗ. ಬಿಸಿ ಏರಿದಂತೆ ಅದರ ವಿದ್ಯುತ್ ತಡೆ ಇಳಿಯುತ್ತದೆ, ಒಳಗಿನ ಎಲೆಕ್ಟ್ರಾನಿಕ್ ಚಿಪ್ ಅದನ್ನು ಡಿಗ್ರಿಯಾಗಿ ತೋರಿಸುತ್ತದೆ. ಇಲ್ಲೊಂದು ಎಚ್ಚರ: ಪರದೆಯ ಮೇಲೆ 23.4 ಎಂದು ದಶಾಂಶ ಕಂಡ ಮಾತ್ರಕ್ಕೆ ಅದು ಅಷ್ಟು ನಿಖರ ಅಂತಲ್ಲ. ಅಗ್ಗದ ಉಪಕರಣಗಳ ನಿಖರತೆ ಒಂದು ಡಿಗ್ರಿ ಹೆಚ್ಚು ಕಡಿಮೆ, 23.4 ಎಂದರೆ 22.4ರಿಂದ 24.4ರ ನಡುವೆ ಎಲ್ಲೋ ಇದೆ ಎಂದು ಓದಿಕೊಳ್ಳಬೇಕು. ಚಾರಣಕ್ಕೆ ಅದು ಸಾಕೇ ಸಾಕು. ಹದಿನಾರೋ ಹದಿನೇಳೋ ಎಂಬುದರ ಮೇಲೆ ಯಾರ ನಿರ್ಧಾರವೂ ನಿಲ್ಲುವುದಿಲ್ಲ, ಹದಿನಾರೋ ಹನ್ನೊಂದೋ ಎಂಬುದರ ಮೇಲೆ ನಿಲ್ಲುತ್ತದೆ.

ನನ್ನ ಶಿಫಾರಸು ಅಂಗಡಿಯ ಚಾರಣ ಸಾಮಗ್ರಿಗಳ ಸಾಲಿನಲ್ಲಿ ಸಿಗುವುದಲ್ಲ. ಫ್ರಿಜ್ಜಿಗೆ, ಮೀನಿನ ತೊಟ್ಟಿಗೆ ಎಂದು ಮಾರುವ, ಒಂದು ಮೀಟರ್ ವಯರಿನ ತುದಿಯಲ್ಲಿ ಸಂವೇದಕ ಇರುವ ಡಿಜಿಟಲ್ ಥರ್ಮಾಮೀಟರ್. ಬೆಂಕಿಪೊಟ್ಟಣದಷ್ಟು ದೊಡ್ಡದು, ಕೆಲವೇ ನೂರು ರೂಪಾಯಿ, ಎರಡು ಬಟನ್ ಸೆಲ್. ವಯರನ್ನು ಟೆಂಟಿನ ಹೊರಗೆ ಬಿಟ್ಟು, ಪರದೆಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡರೆ ಬೆಳಗಿನ ಜಾವ ನಾಲ್ಕಕ್ಕೆ ಝಿಪ್ ತೆಗೆಯದೆ ಹೊರಗಿನ ಚಳಿಯನ್ನು ಓದಬಹುದು. ಅತಿ ಕಡಿಮೆ ಮತ್ತು ಅತಿ ಹೆಚ್ಚು ಉಷ್ಣಾಂಶವನ್ನು ನೆನಪಿಟ್ಟುಕೊಳ್ಳುವ ಮಾದರಿ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೊಡಿ, ವ್ಯರ್ಥವಾಗುವುದಿಲ್ಲ. ಜೊತೆಗೆ ಬ್ಯಾಟರಿ ಬೇಡದ ಒಂದು ಕೆಂಪು ದ್ರವದ ಕೊಳವೆ ಇದ್ದರೆ ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಎರಡೂ ಸರಿಯಿದ್ದರೆ ಒಂದನ್ನು ಒದ್ದೆ ಮಾಡಿ ಬಳಸಬಹುದು, ಅದನ್ನು ಮುಂದೆ ಹೇಳುತ್ತೇನೆ.

ಕೈಗಡಿಯಾರದ ಥರ್ಮಾಮೀಟರ್ ಅಳೆಯುವುದು ಮಣಿಕಟ್ಟನ್ನು. ಕಳಚಿ, ಬೆವರು ಒರೆಸಿ, ನೆರಳಿನಲ್ಲಿ ತೂಗುಹಾಕಿ 20ರಿಂದ 30 ನಿಮಿಷ ಬಿಟ್ಟರಷ್ಟೇ ಗಾಳಿಯ ಅಳತೆ. ಫೋನಿನ ಬ್ಯಾಟರಿ ಉಷ್ಣಾಂಶ ಫೋನಿನದು ಮಾತ್ರ. ಜ್ವರ ನೋಡಲು ಹಣೆಗೆ ಹಿಡಿಯುವಂಥ ಇನ್‌ಫ್ರಾರೆಡ್ ಗನ್ ಎದುರಿನ ಮೇಲ್ಮೈಯನ್ನು ಓದುತ್ತದೆ, ಗಾಳಿಯನ್ನಲ್ಲ. ಸಾವನದುರ್ಗದ ಬಂಡೆ ನಡುಹಗಲಿನಲ್ಲಿ ಎಷ್ಟು ಕಾದಿದೆ ಎಂದು ತಿಳಿಯಬೇಕಿದ್ದರೆ ಕೈಗಾರಿಕೆಗೆ ಬಳಸುವ ಗನ್ ಸರಿ. ಟೆಂಟಿನ ಚಳಿಗೆ ಅದು ಉಪಯೋಗಕ್ಕಿಲ್ಲ.

ಹೊಸ ಥರ್ಮಾಮೀಟರನ್ನು ಬೆಟ್ಟಕ್ಕೆ ಒಯ್ಯುವ ಮೊದಲು ಮನೆಯಲ್ಲೇ ಒರೆಗೆ ಹಚ್ಚಿ. ಇದಕ್ಕೆ ಮಂಜುಗಡ್ಡೆಗಿಂತ ನಂಬಿಕಸ್ಥ ಅಳತೆಗೋಲು ಇನ್ನೊಂದಿಲ್ಲ. ಫ್ರೀಜರಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿ. ಲೋಟದ ತುಂಬ ತುಂಬಿ, ಸಂದುಗಳು ಮುಚ್ಚುವಷ್ಟೇ ತಣ್ಣೀರು ಹಾಕಿ. ಐಸು ತೇಲಿ ಕೆಳಗೆ ಬರಿ ನೀರು ಉಳಿದರೆ ನೀರು ಜಾಸ್ತಿಯಾಯಿತು, ಅದನ್ನು ಬಸಿಯಿರಿ. ಐದು ನಿಮಿಷ ಬಿಟ್ಟು ಕಲಕಿ, ಥರ್ಮಾಮೀಟರಿನ ಬುರುಡೆ (ದ್ರವ ತುಂಬಿದ ಕೆಳತುದಿ) ಅಥವಾ ಸಂವೇದಕವನ್ನು ಲೋಟದ ನಡುವೆ, ತಳಕ್ಕೂ ಅಂಚಿಗೂ ತಾಗದಂತೆ ಇಳಿಸಿ, ಆಗಾಗ ಕಲಕುತ್ತ ಇನ್ನು ಮೂರರಿಂದ ಐದು ನಿಮಿಷ ಕಾಯಿರಿ. ಸರಿಯಾದ ಉಪಕರಣ ಸೊನ್ನೆ ತೋರಿಸಬೇಕು. 1.2 ತೋರಿಸಿದರೆ ಅದನ್ನು ಎಸೆಯಬೇಕಿಲ್ಲ. ಹಿಂಭಾಗದಲ್ಲಿ ಮಾಸದ ಪೆನ್ನಿನಿಂದ ‘–1.2’ ಎಂದು ಬರೆದಿಟ್ಟು ಪ್ರತಿಸಲ ಅಷ್ಟನ್ನು ಕಳೆಯಿರಿ. ಫ್ರೀಜರಿನಿಂದ ಆಗಷ್ಟೇ ತೆಗೆದ, ಮೈ ಇನ್ನೂ ಒದ್ದೆಯಾಗದ ಐಸಿನ ತುಂಡಿಗೆ ಥರ್ಮಾಮೀಟರ್ ತಾಗಿಸಿ ನೋಡುವುದು ಎಲ್ಲರೂ ಮಾಡುವ ತಪ್ಪು. ಆ ತುಂಡು ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಕರಗುತ್ತಿರುವ, ಮೈ ಒದ್ದೆಯಾದ ಐಸು ಮಾತ್ರ ಸೊನ್ನೆಯಲ್ಲಿರುತ್ತದೆ. ನೀರು ಒಳನುಗ್ಗುವ ಡಿಜಿಟಲ್ ಡಬ್ಬಿಯಾಗಿದ್ದರೆ ತೆಳು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಸುತ್ತಿ, ಹದಿನೈದು ನಿಮಿಷವಾದರೂ ಮುಳುಗಿಸಿಡಿ.

ಕುದಿನೀರಿನಲ್ಲಿ ಪರೀಕ್ಷೆ ಮಾಡುವ ಆಸೆ ಬೇಡ. 50 ಡಿಗ್ರಿಯವರೆಗಿನ ಗಾಜಿನ ಕೊಳವೆ ಕುದಿನೀರಿಗೆ ಬಿದ್ದರೆ ದ್ರವ ಹಿಗ್ಗಲು ಜಾಗವಿಲ್ಲದೆ ಗಾಜು ಸಿಡಿಯುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೂ ಇದೇ ಗತಿ. 110 ಡಿಗ್ರಿವರೆಗೆ ತಾಳುತ್ತದೆ ಎಂದು ಬರೆದಿರುವ ವಯರಿನ ಸಂವೇದಕವಾದರೆ ಪರೀಕ್ಷಿಸಬಹುದು, ಆದರೆ 100 ಬರುತ್ತದೆಂದು ಕಾಯಬೇಡಿ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದರೆ ಕುದಿಬಿಂದು ಸರಿಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100ಕ್ಕೆ ಕುದಿಯುವ ನೀರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ, ಸುಮಾರು 3,500 ಮೀಟರಿನ ಲೇಹ್‌ನಲ್ಲಿ 88ಕ್ಕೆ. ಅಲ್ಲಿ ಬೇಳೆ ಬೇಯದೆ ಸತಾಯಿಸುವುದಕ್ಕೂ, ಕುಕ್ಕರ್ ಇಲ್ಲದೆ ಅಡುಗೆ ಸಾಗದಿರುವುದಕ್ಕೂ ಇದೇ ಕಾರಣ.

ಈ ಲೆಕ್ಕವನ್ನು ತಿರುಗಿಸಿದರೆ ಥರ್ಮಾಮೀಟರೇ ಎತ್ತರ ಅಳೆಯುವ ಸಾಧನ. ಹತ್ತೊಂಬತ್ತನೇ ಶತಮಾನದ ಸರ್ವೆಯವರು ಬೆಟ್ಟದ ಮೇಲೆ ನೀರು ಕುದಿಸಿ ಎತ್ತರ ಕಂಡುಹಿಡಿಯುತ್ತಿದ್ದರು. ಹೊರಗಿನವರಿಗೆ ಪ್ರವೇಶವಿಲ್ಲದಿದ್ದ ಟಿಬೆಟ್ಟಿಗೆ ಯಾತ್ರಿಕನ ವೇಷದಲ್ಲಿ ನಡೆದುಹೋದ ಕುಮಾವೂಂ ಸೀಮೆಯ ನೈನ್ ಸಿಂಗ್ ರಾವತ್ ಥರ್ಮಾಮೀಟರನ್ನು ಊರುಗೋಲಿನ ಟೊಳ್ಳಿನಲ್ಲಿ ಅಡಗಿಸಿಟ್ಟುಕೊಂಡಿದ್ದರು. 1866ರ ಜನವರಿಯಲ್ಲಿ ಲಾಸಾ ತಲುಪಿ, ಕುದಿನೀರಿನ ಉಷ್ಣಾಂಶದಿಂದ ಆ ಊರಿನ ಎತ್ತರವನ್ನು ಲೆಕ್ಕ ಹಾಕಿದರು. ಒಂದು ಡಿಗ್ರಿ ತಪ್ಪಿದರೆ 300 ಮೀಟರ್ ತಪ್ಪುವ ವಿಧಾನ ಅದು. ಅಂಥ ಪಯಣದಲ್ಲಿ, ಅಷ್ಟು ಸಾಧಾರಣ ಸಲಕರಣೆಯಲ್ಲಿ ಅವರು ಕೊಟ್ಟ ಅಂಕಿ ಇಂದಿನ ಅಳತೆಗೆ ಹತ್ತಿರದಲ್ಲೇ ಇದೆ. ಕೊಳವೆಯ ಗೆರೆಗೆ ಕಣ್ಣು ಸರಿಮಟ್ಟವಾಗಿಟ್ಟು ಓದುವ ಶಿಸ್ತು ಎಂದರೆ ಏನೆಂಬುದಕ್ಕೆ ನನಗೆ ಮೊದಲು ನೆನಪಾಗುವುದು ಆ ಊರುಗೋಲು.

ಇನ್ನು ತೂಗುಹಾಕುವ ಬಗೆ. ಹವಾಮಾನ ಕೇಂದ್ರಗಳಲ್ಲಿ ಗಾಳಿಯ ಉಷ್ಣಾಂಶವನ್ನು ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಬಿಳಿ ಬಣ್ಣದ ಜಾಲಂಧ್ರ ಪೆಟ್ಟಿಗೆಯೊಳಗೆ ಅಳೆಯುತ್ತಾರೆ. ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ ರೂಪಿಸಿದ ಪೆಟ್ಟಿಗೆ ಅದು: ಗಾಳಿ ಒಳಗೆ ಆಡಬೇಕು, ಬಿಸಿಲೂ ನೆಲದ ಕಾವೂ ತಾಗಬಾರದು. ಚಾರಣದಲ್ಲಿ ಪೆಟ್ಟಿಗೆ ಹೊರಲಾಗದು, ಅದರ ತತ್ವವನ್ನು ಮಾತ್ರ ಒಯ್ಯಬಹುದು. ಎದೆಮಟ್ಟದ ಕೊಂಬೆಗೋ ನೆಟ್ಟ ಊರುಗೋಲಿಗೋ ಅರ್ಧ ಮೀಟರ್ ದಾರ ಕಟ್ಟಿ ತೂಗುಬಿಡಿ. ಕಾಂಡಕ್ಕೆ, ಬಂಡೆಗೆ, ಟೆಂಟಿನ ಬಟ್ಟೆಗೆ ತಾಗಬಾರದು. ಒಲೆ ಮತ್ತು ಜನ ಕುಳಿತಿರುವ ಜಾಗದಿಂದ ಮೂರು ನಾಲ್ಕು ಮೀಟರ್ ದೂರವಿರಲಿ.

ನೆರಳು ಎಲ್ಲಿದೆ ಎಂಬುದರಲ್ಲಿ ನಮ್ಮ ಸೀಮೆಯದೇ ಒಂದು ಸೂಕ್ಷ್ಮವಿದೆ. ಉತ್ತರ ದಿಕ್ಕಿನ ನೆರಳಿನಲ್ಲಿ ತೂಗುಹಾಕಿ ಎಂದು ತಂಪುದೇಶಗಳ ಕೈಪಿಡಿಗಳು ಹೇಳುತ್ತವೆ. ಡಿಸೆಂಬರಿನಲ್ಲಿ ಕೊಡಗಿಗೂ ಅದು ಸರಿ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವರೆಗೆ ದಕ್ಷಿಣ ಕರ್ನಾಟಕದಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಡೆಯೇ ಬಿಸಿಲು. ಕೈಪಿಡಿ ಬಿಟ್ಟು ನೆರಳನ್ನೇ ನೋಡಿ.

ನೆರಳೇ ಇಲ್ಲದ ಕುದುರೆಮುಖದಂಥ ಹುಲ್ಲುಗಾವಲಿನಲ್ಲಿ ಎರಡು ಉಪಾಯ. ಮೊದಲನೆಯದು ಬಿಳಿ ಕಾಗದದ ಲೋಟ. ಎರಡು ಲೋಟ ತೆಗೆದುಕೊಂಡು, ತಳದಲ್ಲಿ ಐದಾರು ತೂತು ಮಾಡಿ, ನಡುವೆ ಬೆರಳಗಲ ಸಂದು ಬಿಟ್ಟು ಒಂದರೊಳಗೊಂದು ಕೂರಿಸಿ ತಲೆಕೆಳಗಾಗಿ ಕಟ್ಟಿ. ಒಳಗೆ ಥರ್ಮಾಮೀಟರ್ ಎಲ್ಲಿಯೂ ತಾಗದೆ ತೂಗಲಿ. ಹೊರಲೋಟ ಬಿಸಿಲು ತಡೆಯುತ್ತದೆ, ಸಂದಿನ ಗಾಳಿ ಹೊರಲೋಟದ ಬಿಸಿ ಒಳಗೆ ದಾಟದಂತೆ ನೋಡಿಕೊಳ್ಳುತ್ತದೆ, ತೂತುಗಳಿಂದ ಕಾದ ಗಾಳಿ ಮೇಲಕ್ಕೆ ಹೋಗುತ್ತದೆ. ಎರಡನೆಯದು ಕವಣೆಯ ಹಾಗೆ ಬೀಸುವುದು: ಗಟ್ಟಿ ದಾರವನ್ನು ಎರಡು ಗಂಟು ಹಾಕಿ ಕಟ್ಟಿ, ನಿಮ್ಮ ದೇಹದ ನೆರಳಿನಲ್ಲೇ ಒಂದೆರಡು ನಿಮಿಷ ತಿರುಗಿಸಿ, ತಟ್ಟನೆ ನಿಲ್ಲಿಸಿ ಓದಿ, ಮತ್ತೆ ಅರ್ಧ ನಿಮಿಷ ತಿರುಗಿಸಿ ಓದಿ. ಎರಡೂ ಓದು ಒಂದೇ ಆದರೆ ಅದೇ ಗಾಳಿಯ ಉಷ್ಣಾಂಶ. ರಭಸದ ಗಾಳಿ ಬಿಸಿಲಿನ ಕಾವನ್ನು ಹೊತ್ತೊಯ್ಯುವುದರಿಂದ ಈ ಪದ್ಧತಿ ಬಲು ನಂಬಿಕಸ್ಥ, ಬಲು ಹಳೆಯದೂ ಹೌದು. ಓದುವಾಗ ಬುರುಡೆಯನ್ನು ಬೆರಳಿನಿಂದ ಮುಟ್ಟಬೇಡಿ, ಮುಖದ ಹತ್ತಿರ ಹಿಡಿದು ಉಸಿರು ಬಿಡಬೇಡಿ. ಉಸಿರೊಂದೇ ಎರಡು ಡಿಗ್ರಿ ಏರಿಸಿಬಿಡುತ್ತದೆ.

ಎಷ್ಟು ಹೊತ್ತು ಕಾಯಬೇಕು? ಬರಿ ಗಾಜಿನ ಕೊಳವೆಗೆ ನಿಂತ ಗಾಳಿಯಲ್ಲಿ ಐದು ನಿಮಿಷ, ದಪ್ಪ ಪ್ಲಾಸ್ಟಿಕ್ ಡಬ್ಬಿಯ ಡಿಜಿಟಲ್‌ಗೆ ಹದಿನೈದರಿಂದ ಮೂವತ್ತು. ಚೀಲದ ಕಿಸೆಯಿಂದ ತೆಗೆದ ತಕ್ಷಣ ಓದಿದ ಅಂಕಿ ಕಿಸೆಯದು. ಹಾಗಾಗಿ ತಂಗುವ ಜಾಗ ತಲುಪಿದ ಕೂಡಲೇ ಮೊದಲು ಥರ್ಮಾಮೀಟರ್ ತೂಗುಹಾಕಿ, ಆಮೇಲೆ ಟೆಂಟ್ ಬಿಚ್ಚಿ. ಟೆಂಟ್ ನಿಲ್ಲುವಷ್ಟರಲ್ಲಿ ಅದೂ ಹದಕ್ಕೆ ಬಂದಿರುತ್ತದೆ.

ಈಗ ಈ ಅಂಕಿಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ. ಎತ್ತರ ಏರಿದಂತೆ ಗಾಳಿ ತಣ್ಣಗಾಗುತ್ತದೆ. ಮೋಡವಿಲ್ಲದ ಒಣಗಾಳಿ ಮೇಲೇರಿದರೆ ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ, ಮೋಡದೊಳಗಿನ ತೇವದ ಗಾಳಿಯಾದರೆ 4ರಿಂದ 6. ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವ ಸರಾಸರಿ 6.5. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರಿನ ಕುಮಾರಪರ್ವತದ ತುದಿಗೆ ಹತ್ತುವ ಎತ್ತರ ಒಂದೂವರೆ ಕಿಲೋಮೀಟರಿಗೂ ಮಿಕ್ಕಿ. ಕೆಳಗೆ 30 ಇದ್ದರೆ ಮೇಲೆ 20ರ ಹತ್ತಿರ ಎಂದು ಅಂದಾಜಿಸಬಹುದು. 20 ಎಂದರೆ ಹಿತವಾದ ಹವೆಯಲ್ಲವೇ ಎನಿಸುತ್ತದೆ. ಮೈ ಒಣಗಿದ್ದಾಗ ಹೌದು.

ಮಲೆನಾಡಿನ ಅಪಾಯ ಇರುವುದು ಇಲ್ಲೇ. ಜೂನ್ ಕೊನೆಯಲ್ಲಿ ಬೋಳುಗುಡ್ಡದ ಮೇಲೆ 16 ಡಿಗ್ರಿ, ಬೀಸುವ ಗಾಳಿ, ಬಿಡದ ಮಳೆ, ಮೈಗಂಟಿದ ಹತ್ತಿ ಬಟ್ಟೆ. ನೀರು ಗಾಳಿಗಿಂತ ಇಪ್ಪತ್ತೈದರಷ್ಟು ಪಟ್ಟು ವೇಗವಾಗಿ ಶಾಖವನ್ನು ದಾಟಿಸುತ್ತದೆ. ಥರ್ಮಾಮೀಟರ್ 16 ಎನ್ನುತ್ತಿದ್ದರೂ ದೇಹ ಒಂದೇ ಸಮನೆ ಶಾಖ ಕಳೆದುಕೊಳ್ಳುತ್ತಿರುತ್ತದೆ. ಝಿಪ್ಪಿನ ಥರ್ಮಾಮೀಟರುಗಳ ಹಿಂಬದಿಯಲ್ಲಿ ಅಚ್ಚಾಗಿರುವ, ಗಾಳಿ ಬೀಸಿದಾಗ ಚಳಿ ಎಷ್ಟೆನಿಸುತ್ತದೆ ಎಂದು ಹೇಳುವ ಶೀತಗಾಳಿ (ವಿಂಡ್ ಚಿಲ್) ಕೋಷ್ಟಕ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಅದರ ಹಿಂದಿನ ಸೂತ್ರ 10 ಡಿಗ್ರಿ ಮತ್ತು ಅದಕ್ಕಿಂತ ಕೆಳಗಿನ ಉಷ್ಣಾಂಶಕ್ಕೆ, ಒಣ ಚರ್ಮಕ್ಕೆ ಮಾತ್ರ ಮಾಡಿದ್ದು. ಹಿಮಾಲಯದಲ್ಲಿ ಅದು ಕೆಲಸಕ್ಕೆ ಬರುತ್ತದೆ: 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮುಖಕ್ಕೆ ತಟ್ಟುವುದು ಸೊನ್ನೆ ಡಿಗ್ರಿಯ ಚಳಿ, ಮೈನಸ್ 5ರಲ್ಲಾದರೆ ಮೈನಸ್ 13. ಗಾಳಿ ಬೀಸಿದ ಮಾತ್ರಕ್ಕೆ ಒಣ ಥರ್ಮಾಮೀಟರಿನ ಅಂಕಿ ಕೆಳಗಿಳಿಯುವುದಿಲ್ಲ, ಗಾಳಿ ಕಸಿದುಕೊಳ್ಳುವುದು ಬಿಸಿಮೈಯ ಶಾಖವನ್ನು. ಮಳೆಯಲ್ಲಿ ಜೊತೆಗಾರರು ನಡುಗುತ್ತ, ಮಾತು ತೊದಲುತ್ತ, ಗುಂಡಿ ಹಾಕಲೂ ಬೆರಳು ಬಾರದೆ ಎಡವುತ್ತಿದ್ದರೆ ಅಂಕಿ ನೋಡುತ್ತ ನಿಲ್ಲಬೇಡಿ. ಗಾಳಿಯಿಲ್ಲದ ಮರೆಗೆ ಕರೆತಂದು, ಒದ್ದೆ ಬಟ್ಟೆ ಬಿಡಿಸಿ, ಒಣ ಬಟ್ಟೆ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ; ತೊದಲು, ಮಂಪರು ಹೆಚ್ಚಿದರೆ ತಡಮಾಡದೆ ವೈದ್ಯರ ನೆರವು ಬೇಕು. ಹಳೆಯ ಗಾಜಿನ ಜ್ವರದ ಥರ್ಮಾಮೀಟರ್ ಕೂಡ 35ಕ್ಕಿಂತ ಕೆಳಗಿನ ದೇಹದ ಉಷ್ಣಾಂಶವನ್ನು ಹೇಳಲಾರದು.

ಒದ್ದೆ ಥರ್ಮಾಮೀಟರಿನ ವಿಚಾರಕ್ಕೆ ಬರುತ್ತೇನೆ. ಹಳೆಯ ಬನಿಯನ್ನಿನ ಎರಡು ಬೆರಳಗಲದ ತುಂಡನ್ನು, ಸೋಪಿನಂಶ ಹೋಗುವಂತೆ ತೊಳೆದು ಇಟ್ಟುಕೊಳ್ಳಿ. ಕೆಂಪು ಕೊಳವೆಯ ಬುರುಡೆಗೆ ಒಂದು ಸುತ್ತು ಸುತ್ತಿ ದಾರ ಕಟ್ಟಿ, ಗಾಳಿಯಷ್ಟೇ ಬೆಚ್ಚಗಿರುವ ಶುದ್ಧ ನೀರಿನಲ್ಲಿ ಅದ್ದಿ, ಎರಡು ಮೂರು ನಿಮಿಷ ಬೀಸಿ. ಅಂಕಿ ಇಳಿದು ಒಂದು ಕಡೆ ನಿಲ್ಲುತ್ತದೆ. ನೀರು ಆರುವಾಗ ಶಾಖ ಹೀರಿಕೊಳ್ಳುವುದರಿಂದ ಆಗುವ ಇಳಿತ ಇದು. ಗಾಳಿ ಒಣಗಿದ್ದಷ್ಟೂ ಇಳಿತ ಜಾಸ್ತಿ. ಒಣ ಥರ್ಮಾಮೀಟರ್ 30, ಒದ್ದೆಯದು 20 ಆದರೆ ಗಾಳಿಯ ಆರ್ದ್ರತೆ ಶೇಕಡ 40ರಷ್ಟು. 30 ಮತ್ತು 25 ಆದರೆ ಶೇಕಡ 67ರಷ್ಟು. ಬೆವರಿನಿಂದ ದೇಹ ತಣಿಯುವ ಬಗೆಯೂ ಇದೇ ಆದ್ದರಿಂದ ಬೇಸಿಗೆಯಲ್ಲಿ ನಾನು ಒಣ ಅಂಕಿಗಿಂತ ಒದ್ದೆ ಅಂಕಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಬಯಲುಸೀಮೆಯ ಬಂಡೆಬೆಟ್ಟದಲ್ಲಿ 36 ಡಿಗ್ರಿಯ ಒಣಗಾಳಿಯಲ್ಲಿ ನೀರು ಕುಡಿಯುತ್ತ, ನೆರಳು ಹಿಡಿಯುತ್ತ ನಡೆಯಬಹುದು. ಕರಾವಳಿಯ ಕಡೆಯಿಂದ ಘಟ್ಟ ಹತ್ತುವಾಗ 31 ಡಿಗ್ರಿಯಲ್ಲೇ ಬೆವರು ಆರದೆ ಸುರಿದು ಮೈ ಬಿಸಿಯೇರುತ್ತದೆ. ಒದ್ದೆ ಅಂಕಿ 26 ದಾಟಿತೆಂದರೆ ನಡಿಗೆಯ ವೇಗ ಇಳಿಸಿ, ಪ್ರತಿ ಅರ್ಧ ಗಂಟೆಗೆ ನೆರಳಿನಲ್ಲಿ ಕೂರುವುದು ಒಳ್ಳೆಯದು.

ಇದೇ ಎರಡು ಅಂಕಿಗಳು ರಾತ್ರಿಯ ಮುನ್ಸೂಚನೆಯನ್ನೂ ಕೊಡುತ್ತವೆ. ಒಣ ಮತ್ತು ಒದ್ದೆ ಅಂಕಿಗಳ ಅಂತರದ ಅರ್ಧವನ್ನು ಒದ್ದೆ ಅಂಕಿಯಿಂದ ಕಳೆಯಿರಿ. 15ರಿಂದ 25 ಡಿಗ್ರಿಯ ನಡುವೆ, ನಮ್ಮ ಬೆಟ್ಟಗಳ ಎತ್ತರದಲ್ಲಿ, ಇದು ಇಬ್ಬನಿ ಕಟ್ಟುವ ಉಷ್ಣಾಂಶವನ್ನು ಹತ್ತಿರ ಹತ್ತಿರ ಕೊಡುತ್ತದೆ. ಸಂಜೆ ಒಣ ಅಂಕಿ 20, ಒದ್ದೆ ಅಂಕಿ 16 ಆಗಿದ್ದರೆ ಇಬ್ಬನಿ ಬಿಂದು ಸುಮಾರು 14. ಆಕಾಶ ನಿರಭ್ರವಾಗಿ, ಗಾಳಿ ನಿಂತಿದ್ದರೆ ಬೆಳಗಿನ ಜಾವದ ಉಷ್ಣಾಂಶ ಆ 14ರ ಸುತ್ತಮುತ್ತ ಬಂದು ನಿಧಾನಿಸುತ್ತದೆ. ಇಬ್ಬನಿ ಕಟ್ಟಲು ಶುರುವಾದಾಗ ಬಿಡುಗಡೆಯಾಗುವ ಶಾಖ ಮುಂದಿನ ಇಳಿತವನ್ನು ತಡೆಹಿಡಿಯುತ್ತದೆ. ಹೊಸ ಗಾಳಿ ನುಗ್ಗಿದರೆ ಈ ಲೆಕ್ಕ ಕೆಡುತ್ತದೆ. ಟೆಂಟಿನ ಒಳಮೈಯಲ್ಲಿ ನೀರು ತೊಟ್ಟಿಕ್ಕುವುದೂ ಇದೇ ಕಾರಣದಿಂದ: ನಿರಭ್ರ ಆಕಾಶದಡಿ ಹೊರಪದರದ ಬಟ್ಟೆ ಗಾಳಿಗಿಂತಲೂ ತಣ್ಣಗಾಗಿ ಇಬ್ಬನಿ ಬಿಂದುವಿಗಿಂತ ಕೆಳಗಿಳಿಯುತ್ತದೆ, ಮಲಗಿದವರ ಉಸಿರಿನ ತೇವ ಅದರ ಮೇಲೆ ಹನಿಗಟ್ಟುತ್ತದೆ. ಒಣ, ಒದ್ದೆ ಅಂಕಿಗಳ ಅಂತರ ಎರಡು ಮೂರು ಡಿಗ್ರಿಯಷ್ಟೇ ಇದ್ದ ಸಂಜೆ, ಚಳಿಯೆಂದು ಟೆಂಟಿನ ಕಿಂಡಿಗಳನ್ನು ಮುಚ್ಚಿದರೆ ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗ್ ತೊಯ್ದಿರುತ್ತದೆ. ಮೇಲಿನ ಕಿಂಡಿ, ಕೆಳಗಿನ ಒಂದು ಕಿಂಡಿ ಎರಡನ್ನೂ ತೆರೆದಿಡಿ.

ಎಲ್ಲಿ ಮಲಗಬೇಕು ಎಂಬುದಕ್ಕೂ ಥರ್ಮಾಮೀಟರ್ ಮಾತಾಡುತ್ತದೆ. ನಮ್ಮ ರಾಷ್ಟ್ರೀಯ ಉದ್ಯಾನಗಳ ಒಳಗೆ ಟೆಂಟ್ ಹಾಕಲು ಬಿಡುವುದಿಲ್ಲ, ಹಾಗಾಗಿ ಹೆಚ್ಚಿನವರು ತಂಗುವುದು ಕಾಡಂಚಿನ ಹೋಮ್‌ಸ್ಟೇಗಳ ಅಂಗಳದಲ್ಲಿ, ತೋಟದ ಬದಿಯಲ್ಲಿ. ಹಳ್ಳದ ಪಕ್ಕದ ಸಮತಟ್ಟು ಹುಲ್ಲು ಕಣ್ಣಿಗೆ ಚಂದ. ಆದರೆ ಗಾಳಿಯಿಲ್ಲದ ನಿರಭ್ರ ರಾತ್ರಿ ತಂಪುಗಾಳಿ ಭಾರವಾಗಿ ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಐವತ್ತು ನೂರು ಮೀಟರ್ ಮೇಲಿನ ದಿಬ್ಬಕ್ಕಿಂತ ತಗ್ಗು ಹಲವು ಡಿಗ್ರಿ ತಣ್ಣಗಿರಬಹುದು. ಊಟಿಯ ಸುತ್ತ ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕಟ್ಟುವುದು ಬೆಟ್ಟದ ನೆತ್ತಿಗಿಂತ ಹೆಚ್ಚಾಗಿ ಕಣಿವೆಯ ತಳದಲ್ಲಿ. ಆ ಬೆಳಗಿನಲ್ಲಿ ಎದೆಮಟ್ಟದ ಥರ್ಮಾಮೀಟರ್ 3 ತೋರಿಸುತ್ತಿರುವಾಗಲೇ ಹುಲ್ಲಿನ ಮೇಲೆ ಸೊನ್ನೆಗಿಂತ ಕೆಳಗಿರುತ್ತದೆ. ಈ ವ್ಯತ್ಯಾಸಕ್ಕಾಗಿಯೇ ಕೃಷಿ ಹವಾಮಾನ ಕೇಂದ್ರಗಳಲ್ಲಿ ಹುಲ್ಲಿನ ಮಟ್ಟಕ್ಕೆ ಬೇರೆಯೇ ಥರ್ಮಾಮೀಟರ್ ಇಡುತ್ತಾರೆ. ನೀವು ಮಲಗುವುದು ಎದೆಮಟ್ಟದಲ್ಲಲ್ಲ, ನೆಲದಲ್ಲಿ. ಆದ್ದರಿಂದ ಸಂಜೆ ಏಳರ ನಂತರ ವಯರಿನ ಸಂವೇದಕವನ್ನು ಒಮ್ಮೆ ಹುಲ್ಲಿನಿಂದ ನಾಲ್ಕು ಬೆರಳು ಮೇಲೆ, ಒಮ್ಮೆ ಎದೆಮಟ್ಟದಲ್ಲಿ ಹಿಡಿದು ನೋಡಿ. ಅಂತರ ಆಗಲೇ ಎರಡು ಡಿಗ್ರಿ ಮೀರಿದ್ದರೆ ರಾತ್ರಿ ಚೆನ್ನಾಗಿಯೇ ಕೊರೆಯುತ್ತದೆ. ಮರದ ಚಪ್ಪರದಡಿ ಅಥವಾ ತುಸು ಎತ್ತರದ ಜಾಗಕ್ಕೆ ಸರಿಯುವುದು ಲೇಸು. ಒಣಗಿದ ಕೊಂಬೆಗಳಿವೆಯೇ ಎಂದು ತಲೆಯೆತ್ತಿ ನೋಡಿಕೊಂಡೇ ಮರದಡಿ ಹೋಗಿ.

ಅತಿ ಚಳಿಯ ಗಳಿಗೆ ನಡುರಾತ್ರಿಯದಲ್ಲ, ಸೂರ್ಯ ಮೂಡುವ ಆಸುಪಾಸಿನದು. ಹತ್ತು ಗಂಟೆಗೆ 15 ಇದೆಯೆಂದು ತೆಳು ಹೊದಿಕೆಯಲ್ಲಿ ಮಲಗಿದವರನ್ನು ಐದು ಗಂಟೆಯ 10 ಡಿಗ್ರಿ ಎಬ್ಬಿಸುತ್ತದೆ. ಸ್ಲೀಪಿಂಗ್ ಬ್ಯಾಗಿನ ಮೇಲಿನ ಅಂಕಿಗಳನ್ನೂ ಇಲ್ಲಿ ಸರಿಯಾಗಿ ಓದಬೇಕು. ಐಎಸ್‌ಒ 23537 ಮಾನದಂಡದ ಚೀಟಿಯಲ್ಲಿ ಮೂರು ಅಂಕಿ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ನಿದ್ದೆಗೆ ನಂಬಬೇಕಾದದ್ದು ಮೊದಲನೆಯದನ್ನು. ಲಿಮಿಟ್ ಎಂದರೆ ಮುದುಡಿ ಮಲಗಿ ರಾತ್ರಿ ಕಳೆಯಬಲ್ಲ ಮಟ್ಟ, ಎಕ್ಸ್‌ಟ್ರೀಮ್ ಎಂದರೆ ಜೀವ ಉಳಿದೀತು ಎಂಬಷ್ಟೇ. ಪರೀಕ್ಷೆ ನಡೆಯುವುದು ಕೆಳಗೆ ಮ್ಯಾಟ್ ಹಾಸಿ, ಮೈಗೆ ತೆಳು ಉಡುಪು ತೊಡಿಸಿ. ನೆಲಕ್ಕೆ ಬರಿ ಟಾರ್ಪಾಲಿನ್ ಹಾಸಿದರೆ ಆ ಅಂಕಿಗೆ ಅರ್ಥವಿಲ್ಲ.

ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಾಂತಕ್ಕೆ ಹೋಗುವ ಕನ್ನಡಿಗರು ಈಗ ತುಂಬ. 3,800 ಮೀಟರ್ ಎತ್ತರದ ಆ ಶಿಖರದ ಹಾದಿಯಲ್ಲಿ ಸೊನ್ನೆಗಿಂತ ಕೆಳಗಿನ ರಾತ್ರಿಗಳೇ ಹೆಚ್ಚು, ಅಲ್ಲಿ ಥರ್ಮಾಮೀಟರ್ ಅಡುಗೆಮನೆಯ ಕೆಲಸವನ್ನೂ ಮಾಡುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಗುವ ಕ್ಯಾಂಪಿಂಗ್ ಗ್ಯಾಸ್ ಡಬ್ಬಿಗಳಲ್ಲಿ ಹೆಚ್ಚಿನವು ಬ್ಯೂಟೇನ್. ಸಾಮಾನ್ಯ ಒತ್ತಡದಲ್ಲಿ ಬ್ಯೂಟೇನ್ ಮೈನಸ್ 0.5 ಡಿಗ್ರಿಗಿಂತ ಕೆಳಗೆ ಆವಿಯಾಗುವುದಿಲ್ಲ. 5 ಡಿಗ್ರಿಯಲ್ಲೇ ಉರಿ ಸೊರಗುತ್ತದೆ. ಐಸೊಬ್ಯೂಟೇನ್ ಮೈನಸ್ 11.7ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ನಡೆಯುತ್ತದೆ, ಅದಕ್ಕೇ ಚಳಿಗಾಲದ ಡಬ್ಬಿಗಳಲ್ಲಿ ಇವುಗಳ ಮಿಶ್ರಣ. ರಾತ್ರಿ ಕನಿಷ್ಠ 5ಕ್ಕಿಂತ ಕೆಳಗಿಳಿಯುವ ಲಕ್ಷಣವಿದ್ದರೆ ಬೆಳಗಿನ ಚಹಾಕ್ಕಾಗಿ ಡಬ್ಬಿಯನ್ನು ಒಲೆಯಿಂದ ಬಿಚ್ಚಿ, ಬಟ್ಟೆ ಸುತ್ತಿ, ಸ್ಲೀಪಿಂಗ್ ಬ್ಯಾಗಿನ ಕಾಲ ಬುಡದಲ್ಲಿ ಇಟ್ಟುಕೊಳ್ಳಿ. ಉರಿಯಿಂದ ಬೆಚ್ಚಗೆ ಮಾಡಲು ಹೋಗಬೇಡಿ, ಸಿಡಿಯುತ್ತದೆ. ಪವರ್ ಬ್ಯಾಂಕ್, ಫೋನುಗಳ ಲಿಥಿಯಂ ಅಯಾನ್ ಬ್ಯಾಟರಿಗಳನ್ನೂ ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು, ಶಾಶ್ವತವಾಗಿ ಹಾಳಾಗುತ್ತವೆ.

ಹಿಮದ ಮೇಲೆ ಬಿಸಿಲಿನ ತಪ್ಪು ಇಮ್ಮಡಿ. ಮೇಲಿನಿಂದ ಸೂರ್ಯ, ಕೆಳಗಿನಿಂದ ಹಿಮದ ಪ್ರತಿಫಲನ. ಗಾಳಿ ಮೈನಸ್ 3 ಇರುವಾಗ ಚೀಲದ ಮೇಲಿನ ಥರ್ಮಾಮೀಟರ್ 20 ದಾಟಬಹುದು. ಕಾಗದದ ಲೋಟದ ಕೆಳಬಾಯಿಗೂ ಅಲ್ಲಿ ತೂತು ಮಾಡಿದ ಬಿಳಿ ರಟ್ಟಿನ ಮರೆ ಬೇಕಾಗುತ್ತದೆ. ಡಿಜಿಟಲ್ ಪರದೆಯ ಅಂಕಿಗಳು ಕಡುಚಳಿಯಲ್ಲಿ ಮಂದವಾಗಿ, ನಿಧಾನವಾಗಿ ಬದಲಾಗುತ್ತವೆ. ಎಲ್‌ಆರ್ 44ರಂಥ ಆಲ್ಕಲೈನ್ ಗುಂಡಿ ಸೆಲ್ಲುಗಳು ಚಳಿಗೆ ಬೇಗ ಸೋಲುತ್ತವೆ, ಸಿಆರ್ 2032 ಲಿಥಿಯಂ ಸೆಲ್ಲು ಹೆಚ್ಚು ತಾಳುತ್ತದೆ. ವಯರಿನ ಸಂವೇದಕದ ಇನ್ನೊಂದು ಗುಣ ಇಲ್ಲಿ ಗೊತ್ತಾಗುತ್ತದೆ: ಸಂವೇದಕ ಮಾತ್ರ ಚಳಿಯಲ್ಲಿ, ಪರದೆಯೂ ಸೆಲ್ಲೂ ನಿಮ್ಮ ಪಕ್ಕ ಬೆಚ್ಚಗೆ.

ಕೆಡುವ ಬಗೆಗಳಲ್ಲಿ ಹೆಚ್ಚು ಕಾಡುವುದು ಕೆಂಪು ದ್ರವದ ಎಳೆ ತುಂಡಾಗುವುದು. ಬಸ್ಸಿನ ಕುಲುಕಾಟದಲ್ಲಿ, ಮಲಗಿಸಿಟ್ಟ ಚೀಲದಲ್ಲಿ, ಎಳೆಯ ನಡುವೆ ಗಾಳಿಯ ಗುಳ್ಳೆ ಸೇರಿ ಮೇಲಿನ ತುಂಡು ಬೇರೆಯಾಗುತ್ತದೆ. ಆಗ ಓದು ಎರಡರಿಂದ ಹತ್ತು ಡಿಗ್ರಿವರೆಗೆ ಹೆಚ್ಚಾಗಿ ಬರುತ್ತದೆ. ಪ್ರತಿಸಲ ಓದುವ ಮೊದಲು ಎಳೆ ಅಖಂಡವಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ತುಂಡಾಗಿದ್ದರೆ ಬುರುಡೆ ಹೊರಮುಖವಾಗಿರುವಂತೆ ದಾರ ಕಟ್ಟಿ ಜೋರಾಗಿ ಬೀಸಿ, ಹೆಚ್ಚಿನ ಸಲ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ಮನೆಯಲ್ಲಿ ಬುರುಡೆಯನ್ನು ಐಸುನೀರಿಗೆ ಇಳಿಸಿ, ದ್ರವವೆಲ್ಲ ಕೆಳಗೆ ಸರಿದ ಮೇಲೆ ನೇರವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಬಿಸಿ ಮಾಡಿ ಕೂಡಿಸುವ ದಾರಿಯೂ ಇದೆ, ಆದರೆ ಚಿಕ್ಕ ಕೊಳವೆಗಳಲ್ಲಿ ಗಾಜು ಒಡೆಯುವ ಸಾಧ್ಯತೆಯೇ ಹೆಚ್ಚು. ಆಮೇಲೆ ಮತ್ತೊಮ್ಮೆ ಐಸಿನ ಪರೀಕ್ಷೆ ಆಗಲೇಬೇಕು. ಮುದ್ರಿತ ಅಳತೆಪಟ್ಟಿ ಅಂಟು ಬಿಟ್ಟು ಕೊಳವೆಯಿಂದ ಜಾರುವುದೂ ಉಂಟು. ಸೊನ್ನೆಯ ಎದುರು ಗಾಜಿನ ಮೇಲೆ ಚಿಕ್ಕ ಗುರುತು ಹಾಕಿಟ್ಟರೆ ಜಾರಿದ್ದು ತಿಳಿಯುತ್ತದೆ.

ಡಿಜಿಟಲ್‌ನ ಶತ್ರು ಮಳೆಗಾಲದ ತೇವ. ಸೆಲ್ಲಿನ ಸಂಪರ್ಕದ ತಗಡಿನ ಮೇಲೆ ಹಸಿರು ಕಿಲುಬು ಹಿಡಿದರೆ ಅಂಕಿ ಜಿಗಿದಾಡುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಹೋಗುತ್ತದೆ. ಮಂಜಿನಿಂದ ಹೊರಬಂದು ಗಾಳಿಗೆ ಒಡ್ಡಿದಾಗ ಸಂವೇದಕ ಒದ್ದೆಯಿದ್ದರೆ ಅದು ಒದ್ದೆ ಅಂಕಿಯನ್ನೇ ತೋರಿಸುತ್ತದೆ, ಒರೆಸಿ ಓದಿ. ಮಂಜಿನೊಳಗೇ ಇದ್ದಾಗ ಚಿಂತೆಯಿಲ್ಲ, ಗಾಳಿ ತೇವದಿಂದ ತುಂಬಿರುವಲ್ಲಿ ಒಣ, ಒದ್ದೆ ಎರಡೂ ಒಂದೇ. ಆರ್ದ್ರತೆ ತೋರಿಸುವ ಮಾದರಿಯಿದ್ದರೆ ಅದಕ್ಕೂ ಮನೆಮದ್ದಿನಂಥ ಪರೀಕ್ಷೆ ಇದೆ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಹಾಕಿ, ಕರಗದೆ ಮುದ್ದೆಯಾಗುವಂತೆ ಕಲಸಿ, ಉಪಕರಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಶೇಕಡ 75 ತೋರಿಸಬೇಕು.

ಬೆಟ್ಟದಿಂದ ಮರಳಿದ ಮೇಲೆ ಸೆಲ್ ತೆಗೆದು, ಕೊಳವೆಯನ್ನು ಬುರುಡೆ ಕೆಳಗಾಗಿ ನಿಲ್ಲಿಸಿ ಬಿಸಿಲು ಬೀಳದ ಕಡೆ ಇಡಿ. ಟಿಪ್ಪಣಿ ಪುಸ್ತಕದಲ್ಲಿ ಬರಿ ಅಂಕಿ ಬರೆದರೆ ಆರು ತಿಂಗಳ ನಂತರ ಅದು ನಿಮಗೇ ಅರ್ಥವಾಗುವುದಿಲ್ಲ. ಜಾಗ, ಎತ್ತರ, ಹೊತ್ತು, ನೆಲದಿಂದ ಎಷ್ಟು ಮೇಲೆ, ನೆರಳೋ ಲೋಟವೋ ಬೀಸಿದ್ದೋ, ಆಕಾಶ, ಗಾಳಿ, ಆಮೇಲೆ ಅಂಕಿ. ಹೀಗೆ: ‘ತಡಿಯಂಡಮೋಳ್ ಬುಡದ ಹೋಮ್‌ಸ್ಟೇ ಅಂಗಳ, ಬೆಳಿಗ್ಗೆ 6.10, ಎದೆಮಟ್ಟ, ಮರದಡಿ, ಆಕಾಶ ನಿರಭ್ರ, ಗಾಳಿಯಿಲ್ಲ, ಒಣ 12.5, ಒದ್ದೆ 12, ಹುಲ್ಲಿನ ಮೇಲೆ 9.5, ತಿದ್ದುಪಡಿ –1.2 ಇನ್ನೂ ಕಳೆದಿಲ್ಲ.’